ಕುಮಾರಿ ಕಾರ್ನೇಲಿಯಾ ಸೊರಾಬಜಿಯವರು

ಹಾಯ್‌ಸ್ಕೂಲು ಮುಗಿಸಿದ ಹೆಣ್ಣುಮಗಳು ಶಿಕ್ಷಕಿಯಾಗಬೇಕು ಇಲ್ಲವೆ ದಾದಿಯಾಗಬೇಕು ಎಂದು ಪಾಲಕರು ಹಿಂದಕ್ಕೆ ಎಣಿಸುತ್ತಿದ್ದರು. ಈಗ ಝಳಕಿ, ಇಂಡಿ, ಸಿಂದಗಿಗಳ ಕಡೆಯ ಹುಡುಗಿಯರೂ ಕಾಯಿದೆಯನ್ನು, ಅಪರಾಧಶಾಸ್ತ್ರವನ್ನು ಪದವಿಗಾಗಿ ಓದಬಯಸುತ್ತಿರುವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರಕ್ಕೆಂದು ಪ್ರತ್ಯೇಕ ವಿಭಾಗವೇ ಇರುವದು. ಆದರೂ ಕೊಲೆ, ಕಳವು, ಕೋರ್ಟು, ಸೆರೆಮನೆ ಇವು ಹೆಣ್ಣುಮಕ್ಕಳು ಓದತಕ್ಕ ವಿಷಯಗಳೇ ಎಂದು ಹಿರಿಯರು ಹಿಂದೆಮುಂದೆ ನೋಡುವದುಂಟು. ಅಂಥ ಪಾಲಕರಿಗಾಗಿಯೇ ನಾವು ಈ ಚರಿತ್ರೆಯನ್ನು ಬರೆಯುತ್ತಿದ್ದೇವೆ.

ಕಾರ್ನೇಲಿಯಾ ಬಾಯಿಯವರು 1866ನೆಯ ಇಸವಿ ನವೆಂಬರ 15ರಂದು ನಾಸಿಕದಲ್ಲಿ ಜನಿಸಿದರು. ತಂದೆ ರೆವರೆಂಡ್ ಸೊರಾಬಜಿ ಖರ್ಸೇಟಜಿಯವರು ಪಾರಸೀ ಕುಲದಲ್ಲಿ ಹುಟ್ಟಿ ಕ್ರಿಸ್ತೀಯರಾದವರು. ತಾಯಿ ಫ್ರಾನ್ಸಿನಾ ಬಾಯಿಯವರು ಪುಣೆಯಲ್ಲಿ ಶಾಲೆಗಳನ್ನು ನಡೆಸಿದ ಧೀರ ಸ್ತ್ರೀ. ಕಾರ್ನೇಲಿಯಾರ ಬಾಲ್ಯದ ಕೆಲವು ವರ್ಷಗಳು ನಮ್ಮ ಬೆಳಗಾವಿಯಲ್ಲಿ ಕಳೆದವೆಂಬುದು ನಮಗೆ ವಿಶೇಷ ಸಂತೋಷದ ಸಂಗತಿ. ಅದೇ ಊರಿನಲ್ಲಿ ಕಾಯಿದೆಯ ಕಾಲೇಜು ತೆರೆದದ್ದು 1939ರಲ್ಲಿ. ಅಷ್ಟರಲ್ಲಿ ಬಾಯಿಯವರು ಮುಪ್ಪಿನವರಾಗಿ ಲಂಡನ್ನಿನಲ್ಲಿದ್ದರು.

ಇವರು ಕಾಯಿದೆಯ ಕಡೆಗೆ ತಿರುಗಿದ್ದು ಒಬ್ಬ ವಿಧವೆಯ ದುಃಖದಿಂದ. ಆಕೆಯ ಆಸ್ತಿಯನ್ನು ನಂಬಿಕೆಯ ಕಾರಭಾರಿಯೇ ನುಂಗಿದ್ದನು. ಆಕೆ ಫ್ರಾನ್ಸಿನಾ ಬಾಯಿಯವರ ಬಳಿಗೆ ಬಂದು ಅತ್ತಳು. ಇಂಥವರಿಗೆ ನೆರವಾಗಬೇಕಾದರೆ ಕಾಯಿದೆ ಕಲಿಯಬೇಕೆಂದು ತಾಯಿ ಮಗಳಿಗೆ ತಿಳಿಸಿದರು. ಮಗಳು ಆ ಮಾತನ್ನು ಮರೆಯಲಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಅವರು ಮುಂಬಯಿ ವಿಶ್ವವಿದ್ಯಾಲಯದ ಮೊದಲನೆಯ ಸ್ತ್ರೀಪದವೀಧರೆಯಾದರು. ಆಗ ನಮ್ಮ ವಿಜಾಪುರ ಜಿಲ್ಲೆಯೂ ಮುಂಬಯಿ ಇಲಾಖೆಯಲ್ಲಿಯೇ ಇದ್ದುದರಿಂದ ಇಲ್ಲಿಯವರಿಗೂ ಅದೇ ವಿಶ್ವವಿದ್ಯಾಲಯ. ಪರೀಕ್ಷೆಯಲ್ಲಿ ಮುಂದಾಗಿ ಬಂದವರಿಗೆ ವಿಲಾಯಿತಿಗೆ ಹೋಗಲು ಸರಕಾರದ ವಿದ್ಯಾರ್ಥಿವೇತನ ದೊರೆಯುತ್ತಿತ್ತು. ಸ್ತ್ರೀಯೆಂಬ ಒಂದೇ ಕಾರಣದಿಂದ ಅದು ಇವರಿಗೆ ಸಿಕ್ಕಲಿಲ್ಲ. ಅಹಮದಾಬಾದಿನ ಗುಜರಾತ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದರು. ಬಳಿಕ ಇಂಗ್ಲಂಡಿನ ಹಿತೈಷಿಗಳು ಹಣ ಕೂಡಿಸಿದರು; ದಾದಿಯರಿಗೆಲ್ಲ ಗುರುವಾದ ಫ್ಲಾರೆನ್ಸ್ ನೈಟಿಂಗೇಲರೂ ಅವರಲ್ಲೊಬ್ಬರು. 1889ರಲ್ಲಿ ಆಕ್ಸಫರ್ಡಿನ ಸಾಮರ್‌ವಿಲ್ ಸೇರಿದರು. 1892ರಲ್ಲಿ ವಿಶೇಷ ಅಪ್ಪಣೆಯಿಂದ ಬಿ.ಸಿ.ಎಲ್. ಎಂಬ ಕಾಯಿದೆಯ ಪರೀಕ್ಷೆಗೆ ಕುಳಿತರು. ಅದಕ್ಕೆ ಕುಳಿತ ಮೊದಲನೆಯ ಸ್ತ್ರೀ ಇವರೇ. ಬಂದದ್ದು ಮೂರನೆಯ ವರ್ಗ. ಗುಣಗಳ ಲೆಕ್ಕದಲ್ಲಿಯೇ ಮಕ್ಕಳನ್ನು ತೂಗುವ ಪಾಲಕರು ಇದನ್ನು ಗಮನಿಸಬೇಕು. ತೇರ್ಗಡೆಯಾದರೂ ಪದವಿ ಕೈಗೆ ಬರಲಿಲ್ಲ, ಏಕೆಂದರೆ ಆಕ್ಸಫರ್ಡು ಸ್ತ್ರೀಯರಿಗೆ ಪದವಿ ಕೊಡತೊಡಗಿದ್ದೇ 1920ರಲ್ಲಿ.

ಸ್ವದೇಶಕ್ಕೆ ಮರಳಿದ ಮೇಲೆಯೂ ಅದೇ ಅವಸ್ಥೆ. ವಿದ್ಯೆಯುಂಟು, ಸನ್ನದಿಲ್ಲ. ಆದರೆ ಅಂದಿನ ಫೌಜದಾರಿ ಕಾಯಿದೆಯಲ್ಲಿ ಒಂದು ಸಂದು ಇದ್ದಿತು: ಆರೋಪಿಯ ಪರವಾಗಿ ಮಾತಾಡಲು, ವಕೀಲರಲ್ಲದವರಿಗೂ ನ್ಯಾಯಾಧೀಶರು ಅಪ್ಪಣೆ ಕೊಡಬಹುದಾಗಿತ್ತು. ಈ ಬಲದಿಂದ 1896ರಲ್ಲಿ ಪುಣೆಯ ಕೋರ್ಟಿನಲ್ಲಿ ಕೊಲೆಯ ಆರೋಪಕ್ಕೆ ಗುರಿಯಾದ ಒಬ್ಬ ಹೆಂಗಸಿನ ಪರವಾಗಿ ಇವರು ನಿಂತರು. ಬ್ರಿಟಿಷ್ ನ್ಯಾಯಾಸ್ಥಾನದಲ್ಲಿ ಸ್ತ್ರೀಯೊಬ್ಬಳು ವಾದಿಸಿದ್ದು ಅದೇ ಮೊದಲು. ಕೊಲೆಯ ಕಟ್ಲೆ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆನ್ನುವವರು, ಕಟಕಟೆಯಲ್ಲಿ ನಿಂತಿದ್ದವಳೂ ಹೆಣ್ಣೇ ಎಂಬುದನ್ನು ಮರೆಯಲಾಗದು.

ಮರುವರ್ಷ ಮುಂಬಯಿಯ ಎಲ್‌ಎಲ್.ಬಿ., 1899ರಲ್ಲಿ ಅಲಹಾಬಾದ ಹಾಯ್‌ಕೋರ್ಟಿನ ವಕೀಲಿ ಪರೀಕ್ಷೆ, ಎರಡನ್ನೂ ಮುಗಿಸಿದರು. ಬಾಗಿಲು ಮಾತ್ರ ತೆರೆಯಲಿಲ್ಲ. ಸಂಸ್ಥಾನಗಳಲ್ಲಿ ವಾದಿಸಲು ಅವಕಾಶವಿದ್ದಿತಾದರೂ ಅಲ್ಲಿಯ ನ್ಯಾಯದ ಬಗೆ ಬೇರೆ. ಒಬ್ಬ ರಾಜನು ತನ್ನ ನಾಯಿಗೆ ಇವರು ಮೆಚ್ಚಿಗೆಯಾದರೆಂದು ಇವರ ಪಕ್ಷಕ್ಕೇ ತೀರ್ಪು ಕೊಟ್ಟನಂತೆ! ಗೆದ್ದರೂ ಬಾಯಿಯವರಿಗೆ ಅದು ಹಿತವೆನಿಸಿರಲಾರದು.

ಕೊನೆಗೆ 1904ರಲ್ಲಿ ಬಂಗಾಲ ಸರಕಾರವು ಅವರನ್ನು ಕೋರ್ಟ್ ಆಫ್ ವಾರ್ಡ್ಸ್ ಖಾತೆಗೆ ನೇಮಿಸಿತು. ಗೋಷೆಯ ಸ್ತ್ರೀಯರು ಪರಪುರುಷರೊಡನೆ ಮಾತಾಡುವಂತಿಲ್ಲ. ಪರದೆಯ ಹಿಂದಿನಿಂದ, ಓದಲಾರದ ಕಾಗದಕ್ಕೆ ಸಹಿ ಹಾಕಿ ಎಷ್ಟೋ ವಿಧವೆಯರು ಜಹಗೀರುಗಳನ್ನು ಕಳೆದುಕೊಂಡಿದ್ದರು. ಪುರುಷ ವಕೀಲನು ದಾಟಲಾರದ ಹೊಸ್ತಿಲನ್ನು ಇವರು ದಾಟಿದರು. ಬಂಗಾಲ, ಬಿಹಾರ, ಓಡಿಸಾ, ಅಸಾಮಗಳಲ್ಲಿ ಸುಮಾರು 20 ವರ್ಷ ತಿರುಗಿ, 600ಕ್ಕೂ ಮಿಕ್ಕಿದ ಸ್ತ್ರೀಯರಿಗೂ ಅನಾಥ ಮಕ್ಕಳಿಗೂ ನೆರವಾದರು. 1909ರಲ್ಲಿ ಕೈಸರ್-ಇ-ಹಿಂದ್ ಸುವರ್ಣಪದಕ ದೊರೆಯಿತು.

1921ರಲ್ಲಿ ಅಲಹಾಬಾದ ಹಾಯ್‌ಕೋರ್ಟು ಅವರ ಹೆಸರನ್ನು ವಕೀಲರ ಪಟ್ಟಿಯಲ್ಲಿ ಸೇರಿಸಿತು. ಪರೀಕ್ಷೆಯಾಗಿ 22 ವರ್ಷಗಳು! 1923ರ ಕಾಯಿದೆಯಿಂದ ಹಿಂದುಸ್ಥಾನದ ಸ್ತ್ರೀಯರೆಲ್ಲರಿಗೂ ವಕೀಲಿಯ ಹಕ್ಕು ಬಂದಿತು. ಆಗ ಇವರಿಗೆ 56 ವರ್ಷ. ಮುಂದೆ ಕಲಕತ್ತೆಯಲ್ಲಿ ವಕೀಲಿ ನಡೆಸಿದರು.

ರಾಜಕಾರಣದಲ್ಲಿ ಅವರ ದಾರಿಯನ್ನು ನಾವು ಒಪ್ಪಲಾರೆವು. ಸ್ವರಾಜ್ಯದ ಚಳುವಳಿಯನ್ನು ಅವರು ವಿರೋಧಿಸಿದರು. ಕ್ಯಾಥರಿನ್ ಮೇಯೋ 1927ರಲ್ಲಿ ನಮ್ಮ ದೇಶವನ್ನು ಹಳಿದು ಬರೆದ ಪುಸ್ತಕವನ್ನು ಬೆಂಬಲಿಸಿ ಸ್ವಜನರ ಸಿಟ್ಟಿಗೆ ಗುರಿಯಾದರು. ದೇಶವು ಅವರನ್ನು ಬಹುಕಾಲ ಮರೆತದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು.

1934ರಲ್ಲಿ ಆತ್ಮಚರಿತ್ರೆ ಬರೆದರು. ಅವಿವಾಹಿತೆಯಾಗಿಯೇ ಉಳಿದ ಅವರು 1954ರ ಜುಲೈ 6ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಲ್ಲಿಯ ಲಿಂಕನ್ಸ್ ಇನ್ ಎಂಬ ವಕೀಲರ ಸಂಸ್ಥೆಯಲ್ಲಿ 2012ರಿಂದ ಅವರ ಪುತ್ಥಳಿಯಿದೆ.