ಹ್ಯಾರಿ ಫರ್ಗ್ಯುಸನ್ ಮತ್ತು ನಿಮ್ಮ ಹಳೆಯ ಟ್ರ್ಯಾಕ್ಟರ್



ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಕಬ್ಬಿನ ಹೊಲಗಳಲ್ಲಿ, ಘಟಪ್ರಭಾ ಕಾಲುವೆಯ ದಂಡೆಗಳಲ್ಲಿ, ಸಕ್ಕರೆ ಕಾರ್ಖಾನೆಗಳ ಮುಂದಿನ ಸರತಿಯಲ್ಲಿ ಕೆಂಪು ಬಣ್ಣದ ಹಳೆಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳು ಇಂದಿಗೂ ದುಡಿಯುತ್ತಿವೆ. ಬಾನೆಟ್ಟಿನ ಬಣ್ಣ ಮಾಸಿದೆ, ಮೀಟರುಗಳ ಗಾಜು ಮಸುಕಾಗಿದೆ, ಹೆಸರು ಮಾತ್ರ ಉಳಿದಿದೆ. ಆ ಹೆಸರಿನ ಎರಡನೆಯ ಭಾಗ ಐರ್ಲೆಂಡಿನ ಒಬ್ಬ ರೈತನ ಮಗನದು. ಎಂಜಿನ್ನಿನ ಮೇಲೆ ಬೀಳುವ ಭಾರ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಆತ ತನ್ನ ಆಯುಷ್ಯವನ್ನು ಕಳೆದನು. ಹಳೆಯ ಟ್ರ್ಯಾಕ್ಟರಿನ ಮೀಟರಿನ ಮುಳ್ಳು ಏಕೆ ಹೀಗೆ ತೋರಿಸುತ್ತದೆ, ಥ್ರಾಟಲ್ ತಳ್ಳಿದರೂ ಎಂಜಿನ್ ಏಕೆ ಏಳುವುದಿಲ್ಲ ಎಂದು ನೀವು ಕೇಳುವಾಗ, ಆ ಪ್ರಶ್ನೆಯನ್ನೇ ಇನ್ನೊಂದು ರೂಪದಲ್ಲಿ ಕೇಳುತ್ತಿರುತ್ತೀರಿ. ಆದ್ದರಿಂದ ಅವರ ಜೀವನವನ್ನೂ ನಿಮ್ಮ ಯಂತ್ರವನ್ನೂ ಇಲ್ಲಿ ಜೊತೆಯಾಗಿಯೇ ನೋಡೋಣ.

ಹೆನ್ರಿ ಜಾರ್ಜ್ ಫರ್ಗ್ಯುಸನ್ 1884ರ ನವೆಂಬರ್ 4ರಂದು ಡೌನ್ ಕೌಂಟಿಯ ಡ್ರೋಮೋರ್ ಸಮೀಪದ ಗ್ರೋವೆಲ್ ಎಂಬಲ್ಲಿ ಜನಿಸಿದರು. ಮನೆಯಲ್ಲಿ ಹನ್ನೊಂದು ಮಕ್ಕಳು. ತಂದೆ ಕಟ್ಟುನಿಟ್ಟಿನ ಧಾರ್ಮಿಕ ಸ್ವಭಾವದವರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಹೊಲಕ್ಕಿಳಿದ ಹುಡುಗನಿಗೆ ಕುದುರೆಯ ಹಿಂದೆ ನಡೆಯುವ ಆ ದುಡಿಮೆ ಒಗ್ಗಲಿಲ್ಲ. 1902ರಲ್ಲಿ ಊರು ಬಿಟ್ಟು ಹೋಗುವ ಯೋಚನೆಯಲ್ಲಿದ್ದವರನ್ನು, ಬೆಲ್‌ಫಾಸ್ಟ್ ನಗರದಲ್ಲಿ ಮೋಟಾರು ಮತ್ತು ಸೈಕಲ್ ದುರಸ್ತಿಯ ಅಂಗಡಿ ಇಟ್ಟಿದ್ದ ಅಣ್ಣ ಜೋ ತನ್ನಲ್ಲಿಗೆ ಕರೆದುಕೊಂಡನು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರೂ ಬೆಳಗಾವಿಯ ಸೈಕಲ್ ಅಂಗಡಿಯಿಂದಲೇ ಹೊರಟು ಕಬ್ಬಿಣದ ನೇಗಿಲಿಗೆ ಬಂದು ಮುಟ್ಟಿದರೆಂಬುದನ್ನು ಇಲ್ಲಿ ನೆನೆಯಬಹುದು.

ಬೆಲ್‌ಫಾಸ್ಟಿನಲ್ಲಿ ಫರ್ಗ್ಯುಸನ್ನರಿಗೆ ಮೊದಲು ಹೆಸರು ತಂದುಕೊಟ್ಟದ್ದು ಎಂಜಿನ್ನುಗಳನ್ನು ಹದಕ್ಕೆ ತರುವ ಕೌಶಲ. ಇತರರು ಕೈಬಿಟ್ಟ ಎಂಜಿನ್ನನ್ನು ಸಮವಾಗಿ ಓಡಿಸುವುದು ಅವರಿಗೆ ಸಾಧ್ಯವಾಗುತ್ತಿತ್ತು. ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಓಡಿದರು. ಬಳಿಕ ವಿಮಾನದ ಹುಚ್ಚು ಹಿಡಿಯಿತು. ತಾವೇ ಕಟ್ಟಿದ ವಿಮಾನವನ್ನು 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 130 ಗಜ ದೂರ ಹಾರಿಸಿದರು. ಐರ್ಲೆಂಡಿನ ನೆಲದಿಂದ ಎದ್ದ ಮೊದಲ ವಿಮಾನ ಅದು. 1911ರಲ್ಲಿ ಸ್ವಂತ ಮೋಟಾರು ವ್ಯಾಪಾರ ಆರಂಭಿಸಿದರು.

ಹದ ಎಂಬ ಮಾತು ಬಂದುದರಿಂದ ನಿಮ್ಮ ಟ್ರ್ಯಾಕ್ಟರಿನ ಕೈ ಥ್ರಾಟಲ್, ಅಂದರೆ ನಮ್ಮ ಚಾಲಕರು ರೇಸ್ ಎಂದು ಕರೆಯುವ ಲಿವರ್, ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಸ್ಪಷ್ಟಪಡಿಸಬೇಕು. ಅದು ನೇರವಾಗಿ ಡೀಸೆಲ್ ಹೆಚ್ಚಿಸುವುದಿಲ್ಲ. ಇಷ್ಟು ಸುತ್ತುಗಳಲ್ಲಿ ತಿರುಗು ಎಂದು ಗವರ್ನರಿಗೆ ಹೇಳುತ್ತದೆ, ಅಷ್ಟೆ. ಜೇಮ್ಸ್ ವ್ಯಾಟ್ 1788ರಲ್ಲಿ ಹಬೆಯಂತ್ರಕ್ಕೆ ಅಳವಡಿಸಿದ, ತಿರುಗುತ್ತ ಹೊರಚಾಚುವ ಎರಡು ಗುಂಡುಗಳ ಗವರ್ನರಿನ ತತ್ತ್ವವೇ ಇಂದಿಗೂ ಅದರಲ್ಲಿದೆ. ಭಾರ ಹೆಚ್ಚಿ ವೇಗ ತಗ್ಗಿದೊಡನೆ ಗವರ್ನರ್ ತಾನಾಗಿ ಇಂಧನ ಹೆಚ್ಚಿಸುತ್ತದೆ, ಭಾರ ಇಳಿದಾಗ ತಗ್ಗಿಸುತ್ತದೆ. ಹೊಲದಲ್ಲಿ ಎಂಜಿನ್ ಉಸಿರುಗಟ್ಟಿ ವೇಗ ಬಹಳ ಇಳಿದಿದ್ದರೆ, ಗವರ್ನರ್ ಆಗಲೇ ತನ್ನಲ್ಲಿರುವ ಇಂಧನವನ್ನೆಲ್ಲ ಕೊಟ್ಟಾಗಿದೆ ಎಂದರ್ಥ. ಆಗ ಲಿವರನ್ನು ಮತ್ತಷ್ಟು ತಳ್ಳಿದರೆ ಪ್ರಯೋಜನವಿಲ್ಲ. ಗೇರ್ ಇಳಿಸಬೇಕು, ಇಲ್ಲವೇ ನೇಗಿಲಿನ ಆಳ ತಗ್ಗಿಸಬೇಕು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವ ತೀವ್ರವಾಯಿತು. 1917ರಲ್ಲಿ ಐರ್ಲೆಂಡಿನ ಕೃಷಿ ಆಡಳಿತವು ಅಲ್ಲಿನ ಟ್ರ್ಯಾಕ್ಟರುಗಳ ಕೆಲಸವನ್ನು ಪರಿಶೀಲಿಸಿ ಸುಧಾರಿಸುವ ಹೊಣೆಯನ್ನು ಫರ್ಗ್ಯುಸನ್ನರಿಗೆ ವಹಿಸಿತು. ಸಹಾಯಕ ವಿಲಿಯಂ ಸ್ಯಾಂಡ್ಸ್ ಜೊತೆಗೆ ಅವರು ಹೊಲದಿಂದ ಹೊಲಕ್ಕೆ ಅಲೆದರು. ಆಗಿನ ಟ್ರ್ಯಾಕ್ಟರ್ ಒಂದು ಭಾರವಾದ ಕಬ್ಬಿಣದ ಕುದುರೆ ಮಾತ್ರ. ನೇಗಿಲನ್ನು ಹಿಂದೆ ಬೇರೆಯಾಗಿ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿ ನಿಂತಾಗ ಹಿಂದಿನ ಗಾಲಿಗಳು ತಿರುಗಲಾರವು, ಎಂಜಿನ್ ಮಾತ್ರ ತಿರುಗಿಸುತ್ತಲೇ ಇರುತ್ತದೆ. ಆ ಬಲವೆಲ್ಲ ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ಮೇಲೆತ್ತುತ್ತದೆ. ಮುಂಗಾಲಿ ಎದ್ದು, ಯಂತ್ರವು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುತ್ತದೆ. ಆ ಕಾಲದ ಹಗುರ ಟ್ರ್ಯಾಕ್ಟರುಗಳಲ್ಲಿ ಹೀಗೆ ಸತ್ತವರು ಅನೇಕರು.

ಇದನ್ನು ತಡೆಯಲು ಇತರ ತಯಾರಕರು ಟ್ರ್ಯಾಕ್ಟರನ್ನು ಇನ್ನಷ್ಟು ಭಾರ ಮಾಡಿದರು. ಫರ್ಗ್ಯುಸನ್ನರು ಒಪ್ಪಲಿಲ್ಲ. ಭಾರವಾದ ಯಂತ್ರ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ, ಬೆಲೆಯೂ ಹೆಚ್ಚು ಎಂಬುದು ಅವರ ನಿಲುವಾಗಿತ್ತು. ನೇಗಿಲನ್ನು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಬೇಕೆಂದು ಹೊರಟು, ಹಲವು ಮಾದರಿಗಳನ್ನು ಮಾಡಿ ಕೆಡವಿ, 1920ರ ದಶಕದ ನಡುವಿನಲ್ಲಿ ಹೈಡ್ರಾಲಿಕ್ ನಿಯಂತ್ರಣದ ಹಕ್ಕುಪತ್ರ ಪಡೆದರು. ಅದು ಮುಂದೆ ಮೂರು ಬಿಂದುಗಳ ಜೋಡಣೆಯಾಗಿ ಪಕ್ವವಾಯಿತು. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮೇಲಿನ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮುಂಗಾಲಿಯನ್ನು ನೆಲದಲ್ಲಿ ಉಳಿಸುತ್ತದೆ. ನೆಲ ಗಟ್ಟಿಯಾದಾಗ ಟಾಪ್ ಲಿಂಕಿನ ಒತ್ತಡ ಹೆಚ್ಚಿ, ಹೈಡ್ರಾಲಿಕ್ ಕವಾಟ ತೆರೆದು, ನೇಗಿಲು ತಾನಾಗಿ ಸ್ವಲ್ಪ ಮೇಲೇಳುತ್ತದೆ. ನಿಮ್ಮ ಹಳೆಯ ಟ್ರ್ಯಾಕ್ಟರಿನ ಆಸನದ ಪಕ್ಕದ ಡ್ರಾಫ್ಟ್ ಲಿವರ್ ಇದೇ ಶೋಧದ ಫಲ. ಎರೆ ಹೊಲದಲ್ಲಿ ಎಂಜಿನ್ ಮತ್ತೆ ಮತ್ತೆ ಒದ್ದಾಡುತ್ತಿದ್ದರೆ ಥ್ರಾಟಲ್ ಮುಟ್ಟುವ ಮೊದಲು ಆ ಲಿವರನ್ನು ನೋಡಿರಿ. ಅನೇಕರು ಅದನ್ನು ಒಂದೇ ಕಡೆ ಬಿಟ್ಟು ಮರೆತಿರುತ್ತಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕೆಸರಿನಲ್ಲಿ ಹೂತ ಕಬ್ಬಿನ ಟ್ರೇಲರನ್ನು ಎಳೆಯಲು ಸರಪಳಿಯನ್ನು ಟಾಪ್ ಲಿಂಕಿನ ಕೊಂಡಿಗೆ ಕಟ್ಟುವ ಪದ್ಧತಿ ಕೆಲವೆಡೆ ಇದೆ. ಹಾಗೆ ಕಟ್ಟಿದಾಗ ಫರ್ಗ್ಯುಸನ್ನರು ನಿವಾರಿಸಿದ ಅಪಾಯವನ್ನೇ ನೀವು ಮರಳಿ ತಂದುಕೊಳ್ಳುತ್ತೀರಿ. ಅಚ್ಚಿಗಿಂತ ಮೇಲಿನಿಂದ ಎಳೆದರೆ ಮುಂಗಾಲಿ ಏಳುತ್ತದೆ. ಥ್ರಾಟಲ್ ಪೂರ್ತಿ ಏರಿಸಿಟ್ಟು ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಚಾಲಕನಿಗೆ ಯೋಚಿಸಲೂ ಸಮಯವಿರುವುದಿಲ್ಲ. ಭಾರವನ್ನು ಯಾವಾಗಲೂ ಕೆಳಗಿನ ಡ್ರಾಬಾರಿಗೇ ಕಟ್ಟಿರಿ, ಕೆಳ ಗೇರಿನಲ್ಲಿ, ಮಧ್ಯಮ ವೇಗದಲ್ಲಿ, ಕ್ಲಚ್ಚನ್ನು ನಿಧಾನವಾಗಿ ಬಿಡಿರಿ. ಮುಂಗಾಲಿ ಹಗುರಾದಂತೆ ಅನಿಸಿದ ಕೂಡಲೇ ಕ್ಲಚ್ ಒತ್ತಿರಿ.

ಶೋಧ ಪಕ್ವವಾದರೂ ತಯಾರಿಸುವವರು ಸುಲಭವಾಗಿ ಸಿಗಲಿಲ್ಲ. 1933ರಲ್ಲಿ ಕಪ್ಪು ಬಣ್ಣದ ಒಂದು ಮಾದರಿ ಸಿದ್ಧವಾಯಿತು. 1936ರಿಂದ ಡೇವಿಡ್ ಬ್ರೌನ್ ಸಂಸ್ಥೆಯೊಡನೆ ತಯಾರಿಕೆ ನಡೆಯಿತಾದರೂ ಆ ಪಾಲುದಾರಿಕೆ ಬಾಳಲಿಲ್ಲ. 1938ರ ಅಕ್ಟೋಬರಿನಲ್ಲಿ ಫರ್ಗ್ಯುಸನ್ನರು ತಮ್ಮ ಟ್ರ್ಯಾಕ್ಟರನ್ನು ಅಮೆರಿಕಕ್ಕೆ ಒಯ್ದು ಹೆನ್ರಿ ಫೋರ್ಡರ ಹೊಲದಲ್ಲಿ ಉತ್ತು ತೋರಿಸಿದರು. ಇಬ್ಬರೂ ಕಾಗದವಿಲ್ಲದೆ ಕೈಕುಲುಕಿ ಒಪ್ಪಂದ ಮಾಡಿಕೊಂಡರು. 1939ರಲ್ಲಿ ಹೊರಬಂದ ಫೋರ್ಡ್-ಫರ್ಗ್ಯುಸನ್ ಟ್ರ್ಯಾಕ್ಟರ್ ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಫೋರ್ಡರ ಮೊಮ್ಮಗನ ಆಡಳಿತ ಬಂದಾಗ ಆ ಒಪ್ಪಂದ ಮುರಿಯಿತು. ಅದೇ ಜೋಡಣೆಯುಳ್ಳ ಟ್ರ್ಯಾಕ್ಟರನ್ನು ಫೋರ್ಡ್ ಸಂಸ್ಥೆ ತಾನೇ ಮಾರತೊಡಗಿದ್ದರಿಂದ ಫರ್ಗ್ಯುಸನ್ನರು 25 ಕೋಟಿ 10 ಲಕ್ಷ ಡಾಲರುಗಳ ದಾವೆ ಹೂಡಿದರು. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಬಾಯಿಮಾತಿನ ಒಪ್ಪಂದದ ಬೆಲೆ ಎಷ್ಟೆಂಬುದು, ಹೊಲವನ್ನು ಲಾವಣಿಗೆ ಕೊಡುವ ನಮ್ಮವರಿಗೂ ತಿಳಿಯದ ಸಂಗತಿಯಲ್ಲ.

ಈ ನಡುವೆ 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಸಂಸ್ಥೆಯ ಕಾರ್ಖಾನೆಯಿಂದ ಬೂದು ಬಣ್ಣದ ಟಿಇ-20 ಹೊರಬಂದಿತು. ಹತ್ತು ವರ್ಷಗಳಲ್ಲಿ ಅಂಥವು 5 ಲಕ್ಷಕ್ಕೂ ಮಿಕ್ಕಿ ತಯಾರಾದವು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ಮುಟ್ಟಿದ್ದು ಇವುಗಳ ಮೇಲೆಯೇ. ಫರ್ಗ್ಯುಸನ್ನರ ಅಚ್ಚುಕಟ್ಟುತನ ಸಹೋದ್ಯೋಗಿಗಳಿಗೆ ತಲೆನೋವಾಗುವಷ್ಟಿತ್ತು; ಜಗಳಗಂಟತನವೂ ಕಡಿಮೆಯಿರಲಿಲ್ಲ. ಆ ಅಚ್ಚುಕಟ್ಟುತನದ ಗುರುತಾಗಿ ಟ್ರ್ಯಾಕ್ಟರಿನ ಜೊತೆ ಒಂದು ಪಾನ ಕೊಡುತ್ತಿದ್ದರು. ಬಹುತೇಕ ಹೊಂದಾಣಿಕೆಗಳಿಗೆ ಅದೊಂದೇ ಸಾಕು. ಅದರ ಮೈಮೇಲೆ ಇಂಚುಗಳ ಗುರುತು ಇದ್ದುದರಿಂದ ಅಳತೆಪಟ್ಟಿಯೂ ಅದೇ. ಊಹೆಯಿಂದ ತಿರುಗಿಸಬೇಡ, ಅಳೆದು ತಿರುಗಿಸು ಎಂಬುದು ಅವರ ಕ್ರಮ.

ಅದೇ ಕ್ರಮದಲ್ಲಿ ಮೀಟರುಗಳತ್ತ ಬನ್ನಿ. ಎಣ್ಣೆಯ ಒತ್ತಡದ ಮೀಟರಿನೊಳಗೆ ಇರುವುದು ಒಂದು ಬಾಗಿದ ಕೊಳವೆ. ಒತ್ತಡ ಬಂದಾಗ ಅದು ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. 1849ರಲ್ಲಿ ಫ್ರಾನ್ಸಿನ ಬೂರ್ಡೋನ್ ಕಂಡುಹಿಡಿದ ಉಪಾಯವಿದು. ಬೆಳಗಿನ ಚಳಿಯಲ್ಲಿ ಮುಳ್ಳು ಮೇಲಿರುವುದೂ, ಬಿಸಿಯಾದ ಮೇಲೆ ನಿಧಾನ ವೇಗದಲ್ಲಿ ಸ್ವಲ್ಪ ಇಳಿಯುವುದೂ ಸಹಜ. ಆದರೆ ಕೆಲಸದ ವೇಗದಲ್ಲಿಯೂ ಮುಳ್ಳು ಬಿದ್ದರೆ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಿರಿ. ಡಿಪ್ ಸ್ಟಿಕ್ ನೋಡಿರಿ. ಎಣ್ಣೆ ಸರಿಯಿದ್ದರೆ ಇನ್ನೊಂದು ಒಳ್ಳೆಯ ಮೀಟರನ್ನು ಅದೇ ಜಾಗಕ್ಕೆ ಹಾಕಿಸಿ ತಾಳೆ ನೋಡಿರಿ. ಮೀಟರ್ ಕೆಟ್ಟಿದೆ ಎಂದು ತೀರ್ಮಾನಿಸಿ ಓಡಿಸುತ್ತಲೇ ಹೋದರೆ ಬೇರಿಂಗುಗಳು ಹೋಗುತ್ತವೆ.

ನೀರಿನ ಬಿಸಿಯ ಮೀಟರಿನಲ್ಲಿ ಹಲವರನ್ನು ಮೋಸಗೊಳಿಸುವ ಒಂದು ಗುಣವಿದೆ. ಅದರ ಬಲ್ಬು ನೀರಿನಲ್ಲಿ ಮುಳುಗಿರಬೇಕು. ಪೈಪು ಒಡೆದು ನೀರು ಇಳಿದುಹೋದರೆ ಬಲ್ಬು ಬರಿದಾಗಿ, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಂಪು ತೋರಿಸಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಇಳಿದರೆ ಸಂತೋಷಪಡದೆ ನಿಲ್ಲಿಸಿ ನೋಡಿರಿ. ನಿಧಾನವಾಗಿ ಏರುತ್ತಿದ್ದರೆ, ಕಬ್ಬು ಕಟಾವಿನ ದಿನಗಳಲ್ಲಿ ಮೊದಲ ಸಂಶಯ ರೇಡಿಯೇಟರಿನ ಮೇಲಿರಲಿ: ರವದಿಯ ಚೂರು ಮತ್ತು ಧೂಳು ಅದರ ಸಂದುಗಳನ್ನು ಮುಚ್ಚುತ್ತವೆ. ಆಮೇಲೆ ಫ್ಯಾನ್ ಬೆಲ್ಟಿನ ಬಿಗಿ, ಕೊನೆಗೆ ಥರ್ಮೋಸ್ಟಾಟ್. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬೇಡಿರಿ.

ಆ್ಯಂಪಿಯರ್ ಮೀಟರ್ ಚಾಲೂ ಮಾಡಿದ ಮೇಲೆ ಚಾರ್ಜ್ ಕಡೆಗೆ ವಾಲಿ, ಕ್ರಮೇಣ ನಡುವಿಗೆ ಬಂದರೆ ಆರೋಗ್ಯ. ಮುಳ್ಳು ನಡುಗುತ್ತಿದ್ದರೆ ತಂತಿಯ ಜೋಡಣೆ ಸಡಿಲ.

ಥ್ರಾಟಲ್ ಪರೀಕ್ಷೆಗೆ ಇಬ್ಬರು ಬೇಕು. ಎಂಜಿನ್ ಬಿಸಿಯಾದ ಮೇಲೆ, ಭಾರವಿಲ್ಲದೆ, ಒಬ್ಬರು ಲಿವರನ್ನು ನಿಧಾನವಾಗಿ ಕೊನೆಯವರೆಗೆ ತಳ್ಳಲಿ. ಇನ್ನೊಬ್ಬರು ಬಟ್ಟೆ ಮತ್ತು ಕೈಗಳನ್ನು ಫ್ಯಾನಿನಿಂದ ದೂರವಿಟ್ಟು, ಪಂಪಿನ ತೋಳು ಗರಿಷ್ಠ ವೇಗದ ತಡೆ ಸ್ಕ್ರೂವನ್ನು ಮುಟ್ಟುತ್ತದೆಯೇ ಎಂದು ನೋಡಲಿ. ಮುಟ್ಟದಿದ್ದರೆ ದೋಷ ಕೊಂಡಿಗಳಲ್ಲಿದೆ: ಸವೆದ ಪಿನ್ನು, ಬಾಗಿದ ಸರಳು, ಉದ್ದ ತಪ್ಪಿದ ತುದಿ. ಮುಟ್ಟಿದರೂ ವೇಗ ಕೈಪಿಡಿಯಲ್ಲಿರುವಷ್ಟು ಬಾರದಿದ್ದರೆ ಎಂಜಿನ್ ನಿಲ್ಲಿಸುವ ಎಳೆಗುಂಡಿಯ ತಂತಿಯನ್ನು ನೋಡಿರಿ. ಅದು ಪೂರ್ತಿ ಹಿಂದಿರುಗದೆ ಅರ್ಧದಲ್ಲಿ ನಿಂತರೆ ಡೀಸೆಲ್ ಸದಾ ಅರೆಬರೆಯಾಗಿಯೇ ಹೋಗುತ್ತದೆ. ಬಳಿಕ ಡೀಸೆಲ್ ಫಿಲ್ಟರ್, ಗಾಳಿಯ ಫಿಲ್ಟರ್. ಎಂಜಿನ್ ವೇಗ ತಾನಾಗಿ ಏರಿಳಿಯುತ್ತಿದ್ದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರಿದೆಯೆಂದು ಮೊದಲು ಶಂಕಿಸಿರಿ. ಲಿವರ್ ಇಟ್ಟಲ್ಲಿ ನಿಲ್ಲದೆ ಹಿಂದೆ ಸರಿದರೆ ಅದರ ಬುಡದ ಘರ್ಷಣೆಯ ಬಿಲ್ಲೆಯನ್ನು ಬಿಗಿ ಮಾಡಿಸಿರಿ. ನಿಧಾನ ವೇಗದ ಸ್ಕ್ರೂವನ್ನು ಬಿಸಿ ಎಂಜಿನ್ನಿನಲ್ಲಿ ನೀವೇ ಹೊಂದಿಸಬಹುದು. ಗರಿಷ್ಠ ವೇಗದ ಸ್ಕ್ರೂವಿನ ಮುದ್ರೆಯನ್ನು ಮಾತ್ರ ಒಡೆಯಬಾರದು. ಅದು ಪಂಪ್ ಪರೀಕ್ಷಿಸುವ ಯಂತ್ರವುಳ್ಳ ಕಾರ್ಯಾಗಾರದ ಕೆಲಸ. ಮುದ್ರೆ ಒಡೆದು ವೇಗ ಹೆಚ್ಚಿಸಿದ ಎಂಜಿನ್ ಟ್ರೇಲರಿನ ಇಳಿಜಾರಿನಲ್ಲಿ ಕೈಮೀರುತ್ತದೆ.

ಫರ್ಗ್ಯುಸನ್ನರು 1953ರಲ್ಲಿ ತಮ್ಮ ಸಂಸ್ಥೆಯನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಸಂಸ್ಥೆಯೊಡನೆ ವಿಲೀನಗೊಳಿಸಿದರು. ಅಲ್ಲಿಯೂ ಮನಸ್ತಾಪವಾಗಿ ಮರುವರ್ಷವೇ ಹೊರಬಂದರು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ತಮ್ಮ ಮನೆಯಲ್ಲಿ ತೀರಿಕೊಂಡಾಗ ಅವರಿಗೆ 75 ವರ್ಷ. ಅದೇ ವರ್ಷ ಮದ್ರಾಸಿನಲ್ಲಿ ಟಾಫೆ ಸಂಸ್ಥೆ ಮ್ಯಾಸಿ ಫರ್ಗ್ಯುಸನ್ ಸಹಯೋಗದಲ್ಲಿ ಸ್ಥಾಪನೆಯಾಯಿತು. ನಮ್ಮ ಭಾಗದ ಕೆಂಪು ಟ್ರ್ಯಾಕ್ಟರುಗಳು ಬಂದುದು ಆ ದಾರಿಯಿಂದ.

ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುವ ಮುನ್ನ ಒಂದು ಬೆಳಿಗ್ಗೆಯನ್ನು ಈ ಪರೀಕ್ಷೆಗೆ ಮೀಸಲಿಡಿರಿ. ಮೂರು ಮೀಟರುಗಳ ತಣ್ಣಗಿನ ಮತ್ತು ಬಿಸಿಯ ಸ್ಥಿತಿಗಳನ್ನೂ ಥ್ರಾಟಲಿನ ಎರಡು ತುದಿಗಳ ವೇಗವನ್ನೂ ಒಂದು ವಹಿಯಲ್ಲಿ ಬರೆದು, ಆ ವಹಿಯನ್ನು ಟ್ರ್ಯಾಕ್ಟರಿನ ಪಾನಗಳ ಪೆಟ್ಟಿಗೆಯಲ್ಲೇ ಇಡಿರಿ.