ಫ್ಲಾರೆನ್ಸ್ ನೈಟಿಂಗೇಲ್ ಮತ್ತು ಆಕೆಯ ನಕ್ಷೆಗಳು

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ದೀಪ ಹಿಡಿದು ರೋಗಿಗಳ ನಡುವೆ ನಡೆಯುವ ದಾದಿಯ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಪ್ರಾಥಮಿಕ ಶಾಲೆಯ ಪಾಠದಲ್ಲಿ ನಾನು ಓದಿದ್ದೂ ಅಷ್ಟೆ. ಆದರೆ ಆಕೆಯ ಜೀವಿತದ ಹಿರಿಯ ಸಾಧನೆ ನಡೆದದ್ದು ಯುದ್ಧ ಮುಗಿದ ಮೇಲೆ, ಲೆಕ್ಕದ ಹಾಳೆಗಳ ಮುಂದೆ. ಪಾಠದ ಪುಸ್ತಕ ಅದನ್ನು ಏಕೆ ಬಿಟ್ಟಿತೋ ತಿಳಿಯದು. ದೀಪದ ಚಿತ್ರ ಬರೆಯುವುದು ಸುಲಭವೆಂದಿರಬಹುದು!

ಆಕೆ ಹುಟ್ಟಿದ್ದು 1820ನೆಯ ಇಸವಿ ಮೇ 12ರಂದು, ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ತಾಯಿಗಳು ಇಂಗ್ಲೆಂಡಿನ ಸಿರಿವಂತರು. ಬಾಲ್ಯದಿಂದಲೂ ಆಕೆಗೆ ಗಣಿತದಲ್ಲಿ ಒಲವು. ದಾದಿಯ ಕೆಲಸ ಕುಲೀನ ಮನೆತನಕ್ಕೆ ತಕ್ಕುದಲ್ಲವೆಂದು ಮನೆಯವರು ವರ್ಷಗಟ್ಟಲೆ ತಡೆದರೂ ಆಕೆ ಹಿಡಿದ ಹಟ ಬಿಡಲಿಲ್ಲ. ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ಇಂದಿನ ಇಸ್ತಾಂಬುಲ್ ನಗರಕ್ಕೆ ಸೇರಿದ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಿಳಿದಳು.

ಅಲ್ಲಿ ಸೈನಿಕರನ್ನು ಕೊಲ್ಲುತ್ತಿದ್ದುದು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ಹೊಲಸು. 1855ರ ಜನವರಿ ತಿಂಗಳೊಂದರಲ್ಲೇ ಆ ಸೈನ್ಯದಲ್ಲಿ ಗಾಯದಿಂದ ಸತ್ತವರು 83 ಮಂದಿ. ವಾಂತಿಭೇದಿ, ಆಮಶಂಕೆ, ಜ್ವರ ಮುಂತಾದ ರೋಗಗಳಿಂದ ಸತ್ತವರು 2,761 ಮಂದಿ. ಮಾರ್ಚಿಯಲ್ಲಿ ನೈರ್ಮಲ್ಯ ಆಯೋಗವೊಂದು ಬಂದು ಆಸ್ಪತ್ರೆಯ ಚರಂಡಿಗಳನ್ನು ತೊಳೆಯಿಸಿ, ಸತ್ತ ಪ್ರಾಣಿಗಳನ್ನು ತೆಗೆಸಿ, ಗೋಡೆಗೆ ಸುಣ್ಣ ಬಳಿಸಿತು. ಸಾವಿನ ಸಂಖ್ಯೆ ಬಹು ಬೇಗ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಮರಳಿದ ನೈಟಿಂಗೇಲ್ ಈ ಸಾವುಗಳ ಲೆಕ್ಕಕ್ಕೆ ಕೈಹಾಕಿದಳು. ಆಸ್ಪತ್ರೆಯ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಆಕೆಗೆ ನೆರವಾದನು. ಆದರೆ ಅಂಕಿ-ಅಂಶಗಳ ಬರಹ ಒಣಗಿದ್ದಷ್ಟೂ ಮೇಲೆಂಬುದು ಫಾರನ ಮತ. ಆಕೆಯದು ಬೇರೆ ದಾರಿ. ಬರಿಯ ಕೋಷ್ಟಕವಾದರೆ ರಾಣಿಯೂ ಮಂತ್ರಿಗಳೂ ಜನರೂ ಓದುವುದಿಲ್ಲವೆಂದು ಆಕೆ ಬಲ್ಲಳು.

ಇದು ನನಗೆ ಚೆನ್ನಾಗಿ ಅರ್ಥವಾಗುವ ಮಾತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಊರಿನ ಹಲಗೆಗೆ ಅಂಟಿಸಿದ ಲೆಕ್ಕವನ್ನಾಗಲಿ, ಈಗ ಮೊಬೈಲಿಗೆ ಬರುವ ಪಟ್ಟಿಯನ್ನಾಗಲಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೂ ನಮ್ಮ ಕೇರಿಯ ನೀರಿಗೆ ಎಷ್ಟು ಖರ್ಚಾಯಿತೆಂದು ಅಪ್ಪ ಕೇಳಿದರೆ ಉತ್ತರ ಹುಡುಕಲು ನನಗೇ ಅರ್ಧ ಗಂಟೆ ಬೇಕು.

1858ರಲ್ಲಿ ನೈಟಿಂಗೇಲ್ ಹೊರತಂದ ನಕ್ಷೆಗೆ ಅಷ್ಟು ಹೊತ್ತು ಬೇಡ. ಕೇಂದ್ರಬಿಂದುವೊಂದರ ಸುತ್ತ ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳುಗಳು. ತಡೆಯಬಹುದಾಗಿದ್ದ ರೋಗಗಳ ಸಾವು ನೀಲಿ, ಗಾಯದ ಸಾವು ಕೆಂಪು, ಉಳಿದುವು ಕಪ್ಪು. ನೀಲಿಯ ಮುಂದೆ ಕೆಂಪು ಒಂದು ಚೂರು. ಪಕ್ಕದಲ್ಲೇ ಎರಡನೆಯ ವರ್ಷದ ಚಿತ್ರ. ಅಲ್ಲಿ ನೀಲಿ ಕುಗ್ಗಿಹೋಗಿದೆ.

ಇದಕ್ಕೂ ಮುಂಚೆ ಮಾಡಿದ ನಕ್ಷೆಯೊಂದರಲ್ಲಿ ಸಾವಿನ ಪ್ರಮಾಣವನ್ನು ಕೇಂದ್ರದಿಂದ ಅಳೆದ ಉದ್ದವಾಗಿ ತೋರಿಸಿತ್ತು. ಉದ್ದ ಎರಡರಷ್ಟಾದರೆ ಹೋಳಿನ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ; ಕಣ್ಣು ಅಳೆಯುವುದು ವಿಸ್ತೀರ್ಣವನ್ನೇ. ಈ ಉತ್ಪ್ರೇಕ್ಷೆ ಆಕೆಯ ವಾದಕ್ಕೇ ಅನುಕೂಲವಾಗಿತ್ತು. ಹಾಗಿದ್ದೂ ತಿದ್ದುಪಡಿಯನ್ನು ಸೇರಿಸಿ, ಮುಂದಿನ ನಕ್ಷೆಯಲ್ಲಿ ವಿಸ್ತೀರ್ಣವನ್ನೇ ಸಾವಿನ ಪ್ರಮಾಣಕ್ಕೆ ಸರಿಹೊಂದಿಸಿದಳು. ದೀಪಕ್ಕಿಂತ ಈ ಒಂದು ತಿದ್ದುಪಡಿಗೆ ನಾನು ತಲೆಬಾಗುತ್ತೇನೆ.

ಶಾಂತಿಕಾಲದ ಲೆಕ್ಕವೂ ಇತ್ತು. 20ರಿಂದ 25 ವಯಸ್ಸಿನ ಸಾಮಾನ್ಯ ಇಂಗ್ಲಿಷ್ ಗಂಡಸರಲ್ಲಿ ವರ್ಷಕ್ಕೆ ಸಾವಿರಕ್ಕೆ 8.4 ಮಂದಿ ಸತ್ತರೆ, ಅದೇ ವಯಸ್ಸಿನ ಸೈನಿಕರಲ್ಲಿ 17 ಮಂದಿ. ಇದನ್ನು ಜೋಡಿ ಗೆರೆಗಳಲ್ಲಿ, ಒಂದು ಗಿಡ್ಡ ಒಂದು ಉದ್ದ, ಎಳೆದು ತೋರಿಸಿದಳು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯನ್ನಾಗಿ ಆರಿಸಿತು. ಆ ಸಂಘಕ್ಕೆ ಸೇರಿದ ಮೊದಲ ಮಹಿಳೆ ಆಕೆಯೇ.

ಮುಂದೆ ಆಕೆಯ ದೃಷ್ಟಿ ನಮ್ಮ ದೇಶದ ಕಡೆ ತಿರುಗಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ಕುರಿತ ರಾಜ ಆಯೋಗದ ವರದಿ 1863ರಲ್ಲಿ ಎರಡು ಭಾರಿ ಸಂಪುಟಗಳಾಗಿ ಬಂತು. ಆಕೆಯ ಟಿಪ್ಪಣಿಗಳನ್ನು ಸಂಗ್ರಹ ಪ್ರತಿಯಲ್ಲಿ ಕೈಬಿಟ್ಟಾಗ, ತಾನೇ ಬೇರೆಯಾಗಿ ಅಚ್ಚು ಹಾಕಿಸಿ, ಚಿತ್ರಗಳ ಸಹಿತ ಹಂಚಿದಳು. ಬೆಂಗಳೂರು ದಂಡಿನ ಹಲಸೂರು ಕೆರೆಯ ಮಾತೂ ಅದರಲ್ಲಿದೆ: ಪೇಟೆಯ ಕೊಳಚೆಯೆಲ್ಲ ಹರಿದು ಸೇರುವ ಕೆರೆಯ ನೀರನ್ನೇ ಕುಡಿಯುತ್ತಿದ್ದರಂತೆ. ಸಾವಿರಕ್ಕೆ 69ರಷ್ಟಿದ್ದ ಸೈನಿಕರ ಸಾವು ಹತ್ತು ವರ್ಷಗಳಲ್ಲಿ 18ಕ್ಕೆ ಇಳಿಯಿತು. ಆಳುವವರ ಸೈನ್ಯದ ಚಿಂತೆಯಿಂದ ಹೊರಟ ಕೆಲಸವಿದು ಎಂಬುದನ್ನು ಮರೆಯಲಾಗದು. ಆದರೆ ಆಕೆ ಅಲ್ಲಿಗೇ ನಿಲ್ಲದೆ, ನಮ್ಮ ರೈತರ ಕ್ಷಾಮ, ನೀರಾವರಿ, ಹಳ್ಳಿಗಳ ನೈರ್ಮಲ್ಯಗಳನ್ನು ಕುರಿತು ಮುಪ್ಪಿನವರೆಗೂ ಬರೆಯುತ್ತಿದ್ದಳು. ಭಾರತವನ್ನು ಒಮ್ಮೆಯೂ ಕಾಣದೆಯೇ.

ಆಕ್ಸ್‌ಫರ್ಡಿನಲ್ಲಿ ಸಂಖ್ಯಾಶಾಸ್ತ್ರದ ಪೀಠವೊಂದು ಆಗಬೇಕೆಂದು 1891ರಲ್ಲಿ ಆಕೆ ಮಾಡಿದ ಯತ್ನ ಕೈಗೂಡಲಿಲ್ಲ. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ದೊರೆಯುವುದಿತ್ತು. ಮನೆಯವರು ಒಪ್ಪದೆ ಹ್ಯಾಂಪ್‌ಷೈರಿನ ಈಸ್ಟ್ ವೆಲೋ ಗ್ರಾಮದಲ್ಲಿ ಮಣ್ಣು ಮಾಡಿದರು. ಅಲ್ಲಿನ ಕಲ್ಲಿನ ಮೇಲೆ ಆಕೆಯ ಹೆಸರಿನ ಮೊದಲ ಎರಡು ಅಕ್ಷರಗಳು, ಹುಟ್ಟಿದ ಮತ್ತು ತೀರಿಕೊಂಡ ತಾರೀಖುಗಳು ಮಾತ್ರ ಇವೆ.