ರೇಡಿಯಂಗೆ ಅಳತೆ ಕೊಟ್ಟ ಎಡಿತ್ ಕ್ವಿಂಬಿ

ಹೋದ ವರ್ಷ ನಮ್ಮ ಅಕ್ಕನಿಗೆ ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆ ನಡೆದಾಗ ನಾನೇ ಜೊತೆಗಿದ್ದೆ. ಹೊರಗಿನಿಂದ ಕೊಡುವ ರೇಡಿಯೇಷನ್ ಮುಗಿದ ಮೇಲೆ ಡಾಕ್ಟರು ಬ್ರಾಕಿಥೆರಪಿ ಮಾಡಬೇಕೆಂದರು. ವಿಕಿರಣ ಸೂಸುವ ಪುಟ್ಟ ಚೂರೊಂದನ್ನು ದೇಹದೊಳಗೆ, ಗಡ್ಡೆಯ ಹತ್ತಿರವೇ ಕೆಲವು ನಿಮಿಷ ಇಟ್ಟು ತೆಗೆಯುವ ಚಿಕಿತ್ಸೆ ಅದು. ಅಕ್ಕನನ್ನು ಸಿದ್ಧಮಾಡಿ ಮಲಗಿಸಿ ಬಹಳ ಹೊತ್ತಾದರೂ ಶುರುವಾಗಲಿಲ್ಲ. ಕಂಪ್ಯೂಟರ್ ಮುಂದೆ ಯುವತಿಯೊಬ್ಬಳು ಲೆಕ್ಕ ಹಾಕುತ್ತಲೇ ಇದ್ದಳು. ಅವಳು ಡಾಕ್ಟರಲ್ಲ, ಮೆಡಿಕಲ್ ಫಿಸಿಸಿಸ್ಟ್ ಎಂದು ಆಮೇಲೆ ಗೊತ್ತಾಯಿತು. ಇಂಥ ಲೆಕ್ಕಕ್ಕೆ ದಾರಿ ಹಾಕಿದವರು ಯಾರೆಂದು ಓದುತ್ತಾ ಹೋದಾಗ ನನಗೆ ಪರಿಚಯವಾದವರು ಎಡಿತ್ ಕ್ವಿಂಬಿ.

ಎಡಿತ್ ಹುಟ್ಟಿದ್ದು 1891ರ ಜುಲೈ 10ರಂದು, ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ. ವಿದ್ಯಾರ್ಥಿವೇತನದಿಂದ ವಿಟ್ಮನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಪದವಿ ಪಡೆದರು. ಕೆಲಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿದರು. ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿ, ಸಹಪಾಠಿ ಶರ್ಲಿ ಕ್ವಿಂಬಿಯವರನ್ನು ಮದುವೆಯಾಗಿ, 1916ರಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ಪದವಿ ಗಳಿಸಿದರು. 1919ರಲ್ಲಿ ಗಂಡನಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಎಡಿತ್ ಕೂಡ ನ್ಯೂಯಾರ್ಕಿಗೆ ಹೊರಟರು. ಗಂಡನ ಕೆಲಸದ ಹಿಂದೆ ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಈ ಕಥೆ ಹೊಸದಲ್ಲ. ಆ ಹೊಸ ಊರಿನಲ್ಲೇ, ಮೆಮೋರಿಯಲ್ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ಜೋಕಿನೊ ಫೈಲ್ಲಾ ಅವರ ಸಹಾಯಕಿಯಾಗಿ ಸೇರಿ, ತಮ್ಮ ಜೀವನದ ಕೆಲಸವನ್ನು ಕಂಡುಕೊಂಡರು.

ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದು ಆಗ ಇಪ್ಪತ್ತೊಂದು ವರ್ಷ. ಡಾಕ್ಟರುಗಳು ರೇಡಿಯಂ ತುಂಬಿದ ಸೂಜಿ, ಕೊಳವೆಗಳನ್ನು ಗಡ್ಡೆಯೊಳಗೆ ಇಡುತ್ತಿದ್ದರು. ಎಷ್ಟು ಇಡಬೇಕು, ಎಷ್ಟು ಹೊತ್ತು? ಬಹುಮಟ್ಟಿಗೆ ಅವರವರ ಅನುಭವ. ಚರ್ಮ ಕೆಂಪಾಗುವುದೇ ಗುರುತು. ರೇಡಿಯಂನ ಮಿಲಿಗ್ರಾಂ ತೂಕವನ್ನು ಗಂಟೆಗಳಿಂದ ಗುಣಿಸಿ ಬರೆದಿಡುತ್ತಿದ್ದರು. ಆದರೆ ಅದು ಒಳಗಿಟ್ಟದ್ದರ ಲೆಕ್ಕ, ಗಡ್ಡೆಗೆ ತಲುಪಿದ್ದರ ಲೆಕ್ಕವಲ್ಲ. ಪುಟ್ಟ ಮೂಲದಿಂದ ಒಂದು ಸೆಂಟಿಮೀಟರ್ ದೂರದಲ್ಲಿರುವ ವಿಕಿರಣ ಎರಡು ಸೆಂಟಿಮೀಟರಿಗೆ ಹೋಗುವಷ್ಟರಲ್ಲಿ ಕಾಲುಭಾಗವಾಗುತ್ತದೆ. ಸೂಜಿ ಸ್ವಲ್ಪ ಸರಿದರೂ ಕಡಿಮೆ ಬಿದ್ದ ಕಡೆ ಕ್ಯಾನ್ಸರ್ ಉಳಿಯುತ್ತದೆ, ಹೆಚ್ಚು ಬಿದ್ದ ಕಡೆ ಒಳ್ಳೆಯ ಅಂಗ ಸುಡುತ್ತದೆ.

ಎಡಿತ್ ಹಿಡಿದದ್ದು ಈ ಕೆಲಸವನ್ನೇ. ಸೂಜಿಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ, ಪ್ರತಿ ದೂರದಲ್ಲೂ ಎಷ್ಟು ವಿಕಿರಣ ಬೀಳುತ್ತದೆಂದು ವರ್ಷಗಟ್ಟಲೆ ತಾಳ್ಮೆಯಿಂದ ಅಳೆದು ಕೋಷ್ಟಕಗಳನ್ನು ಮಾಡಿದರು. ಗಡ್ಡೆಯ ಅಳತೆ ಗೊತ್ತಿದ್ದರೆ ಎಷ್ಟು ರೇಡಿಯಂ, ಎಷ್ಟು ಗಂಟೆ ಎಂದು ಡಾಕ್ಟರು ಅದರಲ್ಲಿ ನೋಡಿಕೊಳ್ಳಬಹುದಾಯಿತು. ಕ್ವಿಂಬಿ ಪದ್ಧತಿಯಲ್ಲಿ ಸಮಶಕ್ತಿಯ ಮೂಲಗಳನ್ನು ಸಮ ಅಂತರದಲ್ಲಿ ಇಡುತ್ತಾರೆ; ಆಗ ನಡುವೆ ಹೆಚ್ಚು, ಅಂಚಿನಲ್ಲಿ ಕಡಿಮೆ ವಿಕಿರಣ ಬೀಳುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ಯಾಟರ್ಸನ್ ಮತ್ತು ಪಾರ್ಕರ್ ಮೂಲಗಳನ್ನೇ ಅಸಮವಾಗಿ ಹಂಚಿ, ಎಲ್ಲ ಕಡೆ ಹೆಚ್ಚುಕಡಿಮೆ ಸಮನಾಗಿ ಬೀಳುವಂತೆ ಮಾಡಿದರು. ಒಂದು ಪದ್ಧತಿಯಂತೆ ಜೋಡಿಸಿ ಇನ್ನೊಂದರ ಕೋಷ್ಟಕ ನೋಡಿದರೆ ಪ್ರಮಾಣ ತಪ್ಪುತ್ತದೆ.

ರೋಗಿಯಷ್ಟೇ ಅಲ್ಲ, ರೇಡಿಯಂ ಮುಟ್ಟುವವರ ಮೈಮೇಲೆ ಬೀಳುವುದನ್ನೂ ಎಡಿತ್ ಅಳೆದರು. ಸಿಬ್ಬಂದಿ ಪುಟ್ಟ ಫಿಲ್ಮ್ ಧರಿಸಬೇಕು. ಅದು ಕಪ್ಪಾದಷ್ಟೂ ಅವರಿಗೆ ತಗುಲಿದ ವಿಕಿರಣ ಹೆಚ್ಚು. ಮೇರಿ ಕ್ಯೂರಿಯವರೇ 1934ರಲ್ಲಿ ರಕ್ತ ಉತ್ಪತ್ತಿ ಕುಂದುವ ಕಾಯಿಲೆಯಿಂದ ತೀರಿಕೊಂಡದ್ದನ್ನು ನೆನೆದರೆ ಈ ಎಚ್ಚರದ ಬೆಲೆ ತಿಳಿಯುತ್ತದೆ.

1940ರಲ್ಲಿ ಅಮೆರಿಕನ್ ರೇಡಿಯಂ ಸೊಸೈಟಿ ಅವರಿಗೆ ಜೇನ್‌ವೇ ಪದಕ ನೀಡಿತು. ಮುಂದೆ ಕೊಲಂಬಿಯಾದಲ್ಲೇ ಪ್ರಾಧ್ಯಾಪಕಿಯಾಗಿ, ರೋಗಿಗೆ ಕೊಡುವ ವಿಕಿರಣಶೀಲ ಔಷಧಿಗಳ ಪ್ರಮಾಣವನ್ನೂ ಲೆಕ್ಕಕ್ಕೆ ತಂದರು. 1982ರ ಅಕ್ಟೋಬರ್ 11ರಂದು, 91ನೇ ವಯಸ್ಸಿನಲ್ಲಿ ನಿಧನರಾದರು.

ಈಗ ರೇಡಿಯಂ ಜಾಗದಲ್ಲಿ ಹೆಚ್ಚಾಗಿ ಇರಿಡಿಯಂ-192 ಬಂದಿದೆ. ಸುಮಾರು 74 ದಿನಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ. ಹಾಗಾಗಿ ನಿನ್ನೆಯ ನಿಮಿಷಗಳು ಇಂದಿಗೆ ಸಾಲವು. ಮೂತ್ರಕೋಶ, ಗುದನಾಳ ಪಕ್ಕದಲ್ಲೇ ಇರುವುದರಿಂದ ಹೆಚ್ಚಾಗುವಂತೆಯೂ ಇಲ್ಲ. ಅಂದು ಆ ಹುಡುಗಿ ಇಷ್ಟೇಕೆ ತಡಮಾಡುತ್ತಾಳೆ ಎಂದು ನಾನು ಒಳಗೊಳಗೇ ಸಿಡಿಮಿಡಿಗೊಂಡಿದ್ದೆ. ಅಕ್ಕ ಈ ಯುಗಾದಿಗೆ ನಮ್ಮ ಮನೆಗೆ ಬಂದು ತಾನೇ ನಿಂತು ಹೋಳಿಗೆ ಮಾಡಿದಳು. ಆ ತಡ ಯಾತಕ್ಕೆಂದು ಈಗ ನನಗೆ ಗೊತ್ತು.